ಕೈಕಸುಬಿಗೆ ಆರ್ಡರ್ ತಂದ ಧೀಮಂತೆ: ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ



ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯಲ್ಲಿ ಹಿರಿಯರೊಬ್ಬರ ಜೀವನವನ್ನು ನೆನೆಯುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಸಹಕಾರ ಎಂದೊಡನೆ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ನೆನಪಾಗುತ್ತಾರೆ. ಅದು ಸರಿಯೇ. ಅವರ ಭಾವಚಿತ್ರ ಇಲ್ಲದ ಸಹಕಾರ ಸಪ್ತಾಹ ನಮ್ಮ ರಾಜ್ಯದಲ್ಲಿ ಅಪರೂಪ. ಆದರೆ ಇದೇ ಕನ್ನಡ ನೆಲದಲ್ಲಿ ಹುಟ್ಟಿ, ಸಹಕಾರದ ಹಾದಿಯಲ್ಲೇ ನಡೆದು, ದೇಶದ ಕುಂಬಾರ, ನೇಕಾರ, ಬಡಗಿ, ಮೇದರರ ಮನೆಗಳಿಗೆ ಕೆಲಸ ತಲುಪಿಸಿದ ಒಬ್ಬ ಮಹಿಳೆಯ ಹೆಸರನ್ನು ನಾವು ಅಷ್ಟಾಗಿ ಎತ್ತುವುದಿಲ್ಲ. ಅವರೇ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ. ಅವರು ತೀರಿಕೊಂಡು ಮೂರೂವರೆ ದಶಕ ದಾಟಿದೆ. ಅವರ ಬದುಕಿನಿಂದ ನಮ್ಮಂಥ ಚಿಕ್ಕ ಸಂಘ ಕಲಿಯಬೇಕಾದದ್ದು ಒಂದು ಮುಖ್ಯವಾದ ಮಾತಿದೆ. ಅದು ಏನು ಅಂತ ಮುಂದೆ ಹೇಳುತ್ತೇವೆ.

ಹುಟ್ಟು ಮತ್ತು ಬಾಲ್ಯ

ಕಮಲಾದೇವಿಯವರು 1903ರ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಸಾರಸ್ವತ ಮನೆತನವೊಂದರಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರ ಅವರು ಸರ್ಕಾರದಲ್ಲಿ ಉನ್ನತ ಹುದ್ದೆಯಲ್ಲಿದ್ದವರು. ತಾಯಿ ಗಿರಿಜಾಬಾಯಿ ಓದುಬರಹ ಬಲ್ಲ, ನೆಟ್ಟಗೆ ನಿಂತು ಮಾತಾಡುವ ಹೆಣ್ಣುಮಗಳು. ಮನೆಗೆ ಸುಧಾರಕರು, ಸ್ವಾತಂತ್ರ್ಯದ ಮಾತಾಡುವವರು ಬಂದು ಹೋಗುತ್ತಿದ್ದರು. ಆ ಮಾತುಗಳು ಮಗುವಿನ ಕಿವಿಗೂ ಬೀಳುತ್ತಿದ್ದವು.

ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಉಯಿಲು ಬರೆದಿಟ್ಟಿರಲಿಲ್ಲ. ಆಗಿನ ಕಾನೂನಿನಂತೆ ಆಸ್ತಿಯೆಲ್ಲ ತಂದೆಯ ಮೊದಲ ಹೆಂಡತಿಯ ಮಗನ ಪಾಲಾಯಿತು. ಹೆಂಡತಿಗೆ, ಹೆಣ್ಣುಮಕ್ಕಳಿಗೆ ತಿಂಗಳಿಗಿಷ್ಟು ಅಂತ ಜೀವನಾಂಶ ಮಾತ್ರ. ಗಿರಿಜಾಬಾಯಿಯವರು ಆ ಜೀವನಾಂಶವನ್ನು ಬೇಡವೆಂದರು. ತವರಿನಿಂದ ತಂದಿದ್ದರಲ್ಲೇ ಮಗಳನ್ನು ಸಾಕಿದರು. ಈ ಸಂಗತಿಯನ್ನು ನಾವು ಇಲ್ಲಿ ಒತ್ತಿ ಹೇಳಲು ಕಾರಣವಿದೆ. ಕೈಯೆತ್ತಿ ಕೊಟ್ಟದ್ದನ್ನು ತಿಂದು ಬದುಕುವುದಕ್ಕೂ ತನ್ನದೇ ಬಲದಲ್ಲಿ ಬದುಕುವುದಕ್ಕೂ ಇರುವ ಅಂತರವನ್ನು ಆ ಹುಡುಗಿ ಏಳನೇ ವಯಸ್ಸಿಗೇ ತನ್ನ ಮನೆಯ ಜಗುಲಿಯಲ್ಲಿ ಕಂಡಳು. ಮುಂದೆ ಅವರು ಮಾಡಿದ ಕೆಲಸಗಳಲ್ಲೆಲ್ಲ ಈ ಅಂತರದ ಅರಿವು ಕಾಣುತ್ತದೆ.

1917ರಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ ಮದುವೆಯಾಯಿತು. ಎರಡೇ ವರ್ಷಕ್ಕೆ ಗಂಡ ತೀರಿಕೊಂಡರು. ಆ ಕಾಲದ ಬಾಲವಿಧವೆಯ ಗತಿ ಏನು ಅನ್ನೋದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಕಮಲಾದೇವಿ ಮೂಲೆಗೆ ಕೂರಲಿಲ್ಲ. ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಓದಲು ಹೋದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಮ್ಮ, ಕವಿ, ನಟ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ ಅವರನ್ನು ಮದುವೆಯಾದರು. ವಿಧವೆ ಮರುಮದುವೆಯಾದದ್ದೂ, ಜಾತಿ ಭಾಷೆ ಬಿಟ್ಟು ಬೇರೆಯವರನ್ನು ವರಿಸಿದ್ದೂ ಆಗ ದೊಡ್ಡ ಗುಲ್ಲಾಯಿತು. ದಂಪತಿಗಳು ಊರೂರು ಸುತ್ತಿ ನಾಟಕವಾಡಿದರು. ಮೂಕಿ ಚಿತ್ರಗಳ ಕಾಲದಲ್ಲಿ ಕನ್ನಡ ನಾಡಿನಲ್ಲಿ ತಯಾರಾದ ಮೃಚ್ಛಕಟಿಕ ಚಿತ್ರದಲ್ಲಿ ಕಮಲಾದೇವಿ ನಟಿಸಿದ್ದರು. ನಮ್ಮ ಟಿ.ಪಿ. ಕೈಲಾಸಂ ಅವರೂ ಅದರಲ್ಲಿ ಪಾತ್ರ ಮಾಡಿದ್ದರು. ಮಾನಸ್ಥರ ಮನೆಯ ಹೆಣ್ಣುಮಕ್ಕಳು ಬಣ್ಣ ಹಚ್ಚುವುದೇ ತಪ್ಪು ಎನ್ನುತ್ತಿದ್ದ ದಿನಗಳವು. ಮುಂದೆ ಈ ದಾಂಪತ್ಯ ಕೂಡಿಬರದೆ ಇಬ್ಬರೂ ಬೇರೆಯಾದರು. ಒಬ್ಬ ಮಗನಿದ್ದ.

ರಾಷ್ಟ್ರಸೇವೆಯ ದಿನಗಳು

ಲಂಡನ್ನಿನಲ್ಲಿ ಸಮಾಜಶಾಸ್ತ್ರ ಓದುತ್ತಿದ್ದ ಕಮಲಾದೇವಿ 1923ರ ಹೊತ್ತಿಗೆ ಸ್ವದೇಶಕ್ಕೆ ಮರಳಿ, ನಮ್ಮವರೇ ಆದ ಡಾ. ನಾ.ಸು. ಹರ್ಡೀಕರರು ಕಟ್ಟಿದ ಸೇವಾದಳಕ್ಕೆ ಸೇರಿದರು. ಹೆಣ್ಣುಮಕ್ಕಳನ್ನು ಸೇರಿಸಿ ಸ್ವಯಂಸೇವಕಿಯರ ತಂಡ ಕಟ್ಟುವ ಕೆಲಸ ಅವರದಾಯಿತು. 1926ರಲ್ಲಿ ಮದರಾಸು ಪ್ರಾಂತದ ಶಾಸನಸಭೆಗೆ ಚುನಾವಣೆ ನಿಂತರು. ಶಾಸನಸಭೆಯ ಸ್ಥಾನಕ್ಕೆ ಸ್ಪರ್ಧಿಸಿದ ಭಾರತದ ಮೊದಲ ಮಹಿಳೆಯರ ಸಾಲಿನಲ್ಲಿ ಅವರ ಹೆಸರಿದೆ. ಬಹಳ ಕಡಿಮೆ ಮತಗಳ ಅಂತರದಲ್ಲಿ ಸೋತರು. 1927ರಲ್ಲಿ ಹುಟ್ಟಿದ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನಾ ಕಾರ್ಯದರ್ಶಿಯಾಗಿ ದೇಶ ಸುತ್ತಿದರು.

1930ರಲ್ಲಿ ಉಪ್ಪಿನ ಸತ್ಯಾಗ್ರಹ ಬಂತು. ದಂಡಿಯ ಪಾದಯಾತ್ರೆಗೆ ಗಾಂಧೀಜಿಯವರು ಹೆಂಗಸರನ್ನು ಸೇರಿಸಿಕೊಂಡಿರಲಿಲ್ಲ. ಕಮಲಾದೇವಿ ಅವರನ್ನು ಕಂಡು ಪಟ್ಟು ಹಿಡಿದು ಕೇಳಿದರು. ಸತ್ಯಾಗ್ರಹದ ಬಾಗಿಲು ಹೆಂಗಸರಿಗೂ ತೆರೆಯಿತು. ಬೊಂಬಾಯಿಯ ಕಡಲತೀರದಲ್ಲಿ ಅವಂತಿಕಾಬಾಯಿ ಗೋಖಲೆ ಮೊದಲಾದವರೊಂದಿಗೆ ಉಪ್ಪು ತಯಾರಿಸಿ, ಅದನ್ನು ಪೊಟ್ಟಣ ಕಟ್ಟಿ ಷೇರುಪೇಟೆಯ ಕಟ್ಟಡದೊಳಕ್ಕೇ ನುಗ್ಗಿ ಮಾರಿದರು. ಸೆರೆಮನೆ ಕಂಡರು. ಆಮೇಲೂ ಹಲವು ಸಲ ಜೈಲಿಗೆ ಹೋದರು. 1934ರಲ್ಲಿ ಹುಟ್ಟಿದ ಕಾಂಗ್ರೆಸ್ ಸಮಾಜವಾದಿ ಪಕ್ಷದಲ್ಲಿ ಮುಂಚೂಣಿಯಲ್ಲಿದ್ದರು.

ಇಷ್ಟೆಲ್ಲ ಮಾಡಿದವರು ಸ್ವಾತಂತ್ರ್ಯ ಬಂದ ಮೇಲೆ ಮಂತ್ರಿಯೋ ರಾಜ್ಯಪಾಲರೋ ಆಗಿ ನೆಮ್ಮದಿಯಾಗಿ ಇರಬಹುದಿತ್ತು. ಅವರು ಆ ದಾರಿಗೆ ಹೋಗಲಿಲ್ಲ. ನಿರಾಶ್ರಿತರ ಡೇರೆಗಳ ಕಡೆಗೆ ನಡೆದರು.

ಸಹಕಾರದ ಕೆಲಸ

1947ರ ವಿಭಜನೆಯಲ್ಲಿ ಲಕ್ಷಾಂತರ ಜನ ಮನೆಮಠ ಬಿಟ್ಟು ಬಂದರು. ಅವರಿಗೆ ಸರ್ಕಾರ ದಿನಕ್ಕಿಷ್ಟು ರೇಷನ್ನು, ಇಷ್ಟು ಭತ್ಯೆ ಅಂತ ಕೊಡುತ್ತಿತ್ತು. ಕಮಲಾದೇವಿಯವರು ಇದನ್ನು ನೋಡಿ ಬೇರೆ ದಾರಿ ಯೋಚಿಸಿದರು. ನಿರಾಶ್ರಿತರೇ ಸೇರಿ ಸಹಕಾರ ಸಂಘ ಕಟ್ಟಿಕೊಂಡು ತಮ್ಮ ಬದುಕು ತಾವೇ ಎತ್ತಿ ನಿಲ್ಲಿಸಲಿ ಎಂಬುದು ಅವರ ಆಲೋಚನೆ. ಗಾಂಧೀಜಿಯವರೂ ಇದನ್ನು ಒಪ್ಪಿದ್ದರು. ಸರ್ಕಾರದ ಮುಂದೆ ಕೈಚಾಚಬಾರದು ಎಂಬುದು ಅವರ ಷರತ್ತು. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಸ್ಥಾಪನೆಯಾಯಿತು. ಮೊದಲ ಕೆಲಸ ದೆಹಲಿಯ ಹತ್ತಿರದ ಛತ್ತರ್‌ಪುರದಲ್ಲಿ ನಿರಾಶ್ರಿತ ರೈತರ ಸಹಕಾರಿ ಬೇಸಾಯ. ಆಮೇಲೆ ವಾಯವ್ಯ ಗಡಿನಾಡಿನಿಂದ ಬಂದ ಹತ್ತಾರು ಸಾವಿರ ಜನರಿಗಾಗಿ ಫರೀದಾಬಾದಿನಲ್ಲಿ ಹೊಸ ಊರನ್ನೇ ಕಟ್ಟುವ ಕೆಲಸ.

ಫರೀದಾಬಾದಿನ ವಿಷಯ ಕೈಗಾರಿಕಾ ಪ್ರದೇಶದವರಾದ ನಾವು ತಿಳಿಯಬೇಕಾದದ್ದು. ಮನೆ ಕಟ್ಟುವ ಕೆಲಸವನ್ನು ಕಂಟ್ರಾಕ್ಟರರಿಗೆ ಕೊಡದೆ, ಆ ಮನೆಗಳಲ್ಲಿ ವಾಸ ಮಾಡಬೇಕಾದ ಜನರ ಸಹಕಾರ ಸಂಘಗಳಿಗೇ ಕೊಡಲಾಯಿತು. ಭತ್ಯೆ ಹೋಗಿ ಕೂಲಿ ಬಂತು. ಇಟ್ಟಿಗೆ ಹೊರುವುದು, ಗೋಡೆ ಎತ್ತುವುದು ಗೊತ್ತಿಲ್ಲದವರು ಕಲಿತು ಮಾಡಿದರು. ಹೀಗೆ ಎದ್ದ ಆ ಊರು ಮುಂದೆ ದೇಶದ ದೊಡ್ಡ ಕೈಗಾರಿಕಾ ನಗರಗಳಲ್ಲಿ ಒಂದಾಯಿತು. ಆದರೆ ಆಡಳಿತ ಇಲಾಖೆಗಳ ಕೈಗೆ ಹೋದಂತೆ ಸಹಕಾರ ಸಂಘಗಳ ಪಾತ್ರ ಕುಗ್ಗಿತು ಎಂಬುದನ್ನೂ ಹೇಳಲೇಬೇಕು. ಒಳ್ಳೆಯದಾಗಿ ಶುರುವಾದದ್ದೆಲ್ಲ ಒಳ್ಳೆಯದಾಗೇ ಉಳಿಯುವುದಿಲ್ಲ; ಸದಸ್ಯರು ಎಚ್ಚರವಾಗಿದ್ದರೆ ಮಾತ್ರ ಉಳಿಯುತ್ತದೆ. ಇದು ಇಪ್ಪತ್ತೈದು ವರ್ಷ ತುಂಬಿದ ಯಾವ ಸಂಘಕ್ಕೂ ಅನ್ವಯಿಸುವ ಮಾತು.

ಅಂಗಡಿ ನಡೆಸಿ ತೋರಿಸಿದ್ದು

1948ರಲ್ಲಿ ದೆಹಲಿಯಲ್ಲಿ ಸರ್ಕಾರವೇ ತೆರೆದಿದ್ದ ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಎಂಬ ಕರಕುಶಲ ವಸ್ತುಗಳ ಮಳಿಗೆ ಸರಿಯಾಗಿ ನಡೆಯುತ್ತಿರಲಿಲ್ಲ. 1952ರಲ್ಲಿ ಅದನ್ನು ಕಮಲಾದೇವಿಯವರ ಸಹಕಾರ ಯೂನಿಯನ್ನಿಗೆ ವಹಿಸಲಾಯಿತು. ಮಾಲು ಚೆನ್ನಾಗಿರುವ ಊರು ಹುಡುಕಿ, ಕಸುಬುದಾರನ ಮನೆಗೇ ಹೋಗಿ, ಕೊಳ್ಳುವವರಿಗೆ ಏನು ಬೇಕು ಅಂತ ತಿಳಿಸಿ, ಮಾಡಿಸಿ ತರುವ ಕ್ರಮ ಬಂತು. ಎಲ್.ಸಿ. ಜೈನ್ ಅವರಂಥ ಕಿರಿಯರು ಜೊತೆ ನಿಂತರು. ಈ ಜೈನರು 1989ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದವರು, ಕೊನೆಗಾಲದಲ್ಲಿ ನಮ್ಮ ಬೆಂಗಳೂರಿನಲ್ಲೇ ನೆಲಸಿದ್ದವರು. ಮಳಿಗೆ ಚೇತರಿಸಿಕೊಂಡಿತು. 1976ರಲ್ಲಿ ಅದನ್ನು ನಡೆಸಲು ಕೇಂದ್ರ ಸರ್ಕಾರದ ನಿಗಮವೇ ಏರ್ಪಟ್ಟಿತು.

ಅದೇ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾಗಿ ಕಮಲಾದೇವಿ ಅದರ ಅಧ್ಯಕ್ಷೆಯಾದರು. ಬಹಳ ವರ್ಷ ಆ ಹೊಣೆ ಹೊತ್ತರು. ರೈಲು, ಬಸ್ಸು, ಎತ್ತಿನಗಾಡಿ ಯಾವುದು ಸಿಕ್ಕರೆ ಅದರಲ್ಲಿ ದೇಶದ ಮೂಲೆಮೂಲೆಯ ಕಸುಬುದಾರರ ಕೇರಿಗಳಿಗೆ ಹೋದರು. ಕಸುಬುಗಳ ವಿನ್ಯಾಸ ಸುಧಾರಿಸುವ ಕೇಂದ್ರಗಳು 1950ರ ದಶಕದಲ್ಲಿ ಶುರುವಾದವು. ಅವುಗಳಲ್ಲಿ ಒಂದು ಬೆಂಗಳೂರಿಗೆ ಬಂತು. 1965ರಿಂದ ನುರಿತ ಕಸುಬುದಾರರಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ ಬಂತು. ಅದಕ್ಕೂ ಮುನ್ನ, 1964ರಲ್ಲಿ, ವಿಶ್ವ ಕರಕುಶಲ ಪರಿಷತ್ತು ಕಟ್ಟುವುದರಲ್ಲೂ ಅವರು ಮುಂದಿದ್ದರು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಕರಕುಶಲ ಅಭಿವೃದ್ಧಿ ನಿಗಮವೂ ಆರಂಭವಾಯಿತು. ಕಾವೇರಿ ಮಳಿಗೆ ಅಂದರೆ ಬೆಂಗಳೂರಿನವರಿಗೆ ಬೇರೆ ವಿವರಣೆ ಬೇಡ.

ಒಂದೇ ಒಂದು ಉದಾಹರಣೆ ಕೊಡುತ್ತೇವೆ. ನಮ್ಮಲ್ಲಿ ತಿರುಪತಿಗೆ ಹೋದವರು ಕಾಳಹಸ್ತಿಗೂ ಹೋಗಿ ಬರುತ್ತಾರೆ. ಅಲ್ಲಿ ಬಟ್ಟೆಯ ಮೇಲೆ ಬಿದಿರು ಕಡ್ಡಿಯ ಲೇಖನಿಯಲ್ಲಿ ದೇವರ ಕಥೆ ಬರೆಯುವ ಕಲಂಕಾರಿ ಕಸುಬು ಇದೆ. 1950ರ ದಶಕದಲ್ಲಿ ಅದು ಹೆಚ್ಚುಕಡಿಮೆ ಆರಿಹೋಗುವ ಸ್ಥಿತಿಯಲ್ಲಿತ್ತು. ಕಮಲಾದೇವಿಯವರ ಮಂಡಳಿ 1957ರ ಸುಮಾರಿಗೆ ಅಲ್ಲಿ ತರಬೇತಿ ಕೇಂದ್ರ ತೆರೆದು, ಕಸುಬು ಬಲ್ಲ ಹಿರಿಯರನ್ನೇ ಗುರುಗಳನ್ನಾಗಿ ಕೂರಿಸಿ, ಹುಡುಗರಿಗೆ ಕಲಿಸಿತು. ಇವತ್ತು ಕಲಂಕಾರಿ ಸೀರೆ ನಮ್ಮ ಬಡಾವಣೆಯ ಬಟ್ಟೆ ಅಂಗಡಿಯಲ್ಲೂ ನೇತಾಡುತ್ತದೆ. ಅದರಲ್ಲಿ ಅಚ್ಚು ಒತ್ತಿದ್ದು ಯಾವುದು, ಕೈಯಲ್ಲಿ ಬರೆದದ್ದು ಯಾವುದು ಅಂತ ಕೇಳಿ ತಿಳಿಯಬೇಕು, ಅದು ಬೇರೆ ಮಾತು. ಕಸುಬಂತೂ ಉಳಿಯಿತು.

ಅವರು ಮಾಡಿದ ಕೆಲಸದ ತಿರುಳೇನು ಅಂತ ಕೇಳಿದರೆ ನಾವು ಹೇಳುವುದು ಇಷ್ಟೇ. ಕಸುಬುದಾರನಿಗೆ ಬೇಕಾದದ್ದು ಸನ್ಮಾನದ ಶಾಲಿಗಿಂತ ಮೊದಲು ಸರಿಯಾದ ಆರ್ಡರ್. ಏನು ಬೇಕು, ಎಷ್ಟು ಬೇಕು, ಯಾವಾಗ ಬೇಕು, ಎಷ್ಟು ಕೊಡುತ್ತೀರಿ ಅನ್ನುವ ನಾಲ್ಕು ಮಾತು ಖಚಿತವಾಗಿದ್ದರೆ ಅವನ ಒಲೆ ಉರಿಯುತ್ತದೆ, ಅವನ ಮಗ ಕಸುಬು ಬಿಡುವುದಿಲ್ಲ.

ನಮ್ಮ ಮೇದರ ಮನೆಗಳು

ಈಗ ನಮ್ಮ ಊರಿಗೆ ಬರೋಣ. ಕಮಲಾದೇವಿಯವರ ಮಂಡಳಿ ನೋಡಿಕೊಂಡ ಕಸುಬುಗಳ ಪಟ್ಟಿಯಲ್ಲಿ ಬಿದಿರು ಬೆತ್ತದ ಕೆಲಸವೂ ಇತ್ತು. ಈ ಕಸುಬಿನವರನ್ನು ನಮ್ಮ ಕಡೆ ಮೇದರು, ಗೌರಿಗರು ಎನ್ನುತ್ತಾರೆ, ಉತ್ತರ ಕರ್ನಾಟಕದಲ್ಲಿ ಬುರುಡರು ಎನ್ನುತ್ತಾರೆ. ಹನ್ನೆರಡನೇ ಶತಮಾನದಲ್ಲೇ ಬುಟ್ಟಿ ಹೆಣೆಯುವ ಕಾಯಕದಿಂದ ಶರಣರ ಸಾಲಿನಲ್ಲಿ ನಿಂತ ಮೇದರ ಕೇತಯ್ಯನವರ ಕುಲಕಸುಬು ಇದು. ಕಡಿದ ಬಿದಿರಿನೊಳಗೆ ಹೊನ್ನು ಕಂಡರೂ ಮುಟ್ಟದೆ, ದುಡಿದದ್ದರಲ್ಲೇ ಬಾಳಿದರು ಎಂದು ಅವರ ಬಗ್ಗೆ ಕಥೆಯಿದೆ.

ಪೀಣ್ಯದ ಸುತ್ತಮುತ್ತ ಶೆಡ್ಡುಗಳು ಏಳುವ ಮೊದಲು ಈ ಸೀಮೆಯಲ್ಲಿ ರಾಗಿ ಹೊಲಗಳಿದ್ದವು. ಆಗ ಮೇದರ ಕೈ ಸೋಕದ ಮನೆ ಇರಲಿಲ್ಲ. ಗೊಬ್ಬರ ಹೊರಲು ಮಂಕರಿ, ಕಾಳು ಕೇರಲು ಮೊರ, ಕೋಳಿ ಮುಚ್ಚಲು ಪಂಜರ, ಹೂವು ತರಕಾರಿಗೆ ಕುಕ್ಕೆ, ಅನ್ನ ಬಸಿಯಲು ಸಿಬ್ಬಲು, ಮನೆಗೆ ಏಣಿ, ರೇಷ್ಮೆ ಹುಳುವಿಗೆ ಚಂದ್ರಂಕಿ, ಎಲ್ಲ ಅವರದೇ. ಗೌರಿಹಬ್ಬದಲ್ಲಿ ಹೆಣ್ಣುಮಕ್ಕಳಿಗೆ ಕೊಡುವ ಬಾಗಿನದ ಜೊತೆಮೊರ ಇವತ್ತಿಗೂ ಅವರದೇ. ಆ ಒಂದು ಹಬ್ಬ ಇಲ್ಲದಿದ್ದರೆ ಬೆಂಗಳೂರಿನ ಎಷ್ಟೋ ಮಕ್ಕಳು ಬಿದಿರು ಮೊರವನ್ನೇ ನೋಡುತ್ತಿರಲಿಲ್ಲ. ಕಂಟೋನ್ಮೆಂಟಿನ ಕಡೆ ಬಂಬೂ ಬಜಾರ್ ಅಂತ ಒಂದು ಬೀದಿಯ ಹೆಸರೇ ಇದೆ.

ಆಮೇಲೆ ಪ್ಲಾಸ್ಟಿಕ್ ಬಂತು. ಇದನ್ನು ಬೈಯುತ್ತಾ ಕೂರುವವರು ನಾವಲ್ಲ. ಪೀಣ್ಯದ ಮೋಲ್ಡಿಂಗ್ ಶೆಡ್ಡುಗಳಲ್ಲಿ ದುಡಿಯುವ ಹುಡುಗರೂ ನಮ್ಮ ಮನೆಯವರೇ. ಬಕೆಟ್ಟು ಬಕೆಟ್ಟಿನ ಕೆಲಸ ಮಾಡಲಿ. ಆದರೆ 2016ರಲ್ಲಿ ನಮ್ಮ ರಾಜ್ಯ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು, 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ತಡೆ ಬಿತ್ತು. ಮದುವೆಯ ತಾಂಬೂಲಕ್ಕೆ, ದೀಪಾವಳಿಯ ಕಾಣಿಕೆಗೆ, ದೇವಸ್ಥಾನದ ಹೂವಿಗೆ ಒಂದು ಬುಟ್ಟಿ ಬೇಕಾದಾಗ ಮೇದರ ಮನೆ ನೆನಪಾಗುವ ಕಾಲ ಇದು. ಹಳತಾದ ಬುಟ್ಟಿ ಗೊಬ್ಬರದ ಗುಂಡಿಗೆ ಬಿದ್ದರೆ ಮಣ್ಣಾಗುತ್ತದೆ, ಮೋರಿ ಕಟ್ಟುವುದಿಲ್ಲ.

ಬಿದಿರಿನದೂ ಒಂದು ಕಷ್ಟವಿತ್ತು. 1927ರ ಅರಣ್ಯ ಕಾಯ್ದೆಯಲ್ಲಿ ಬಿದಿರನ್ನು ಮರದ ಪಟ್ಟಿಗೆ ಸೇರಿಸಿದ್ದರಿಂದ, ಸ್ವಂತ ಜಮೀನಿನ ಬಿದಿರು ಕಡಿದು ಸಾಗಿಸಲಿಕ್ಕೂ ಪರವಾನಗಿಯ ತೊಡಕಿತ್ತು. 2017ರ ತಿದ್ದುಪಡಿಯಲ್ಲಿ ಅದನ್ನು ಆ ಪಟ್ಟಿಯಿಂದ ತೆಗೆದರು. ಕಾಡಿನ ಬಿದಿರಿಗೆ ನಿಯಮಗಳು ಇದ್ದೇ ಇವೆ. ರೈತ ತನ್ನ ಹೊಲದ ಬದುವಿನಲ್ಲಿ ಬೆಳೆದದ್ದಕ್ಕೆ ದಾರಿ ಸುಲಭವಾಗಿದೆ. ಹಾಗಿದ್ದರೂ ಪೇಟೆಯಲ್ಲಿ ಬಿದಿರು ಅಗ್ಗವಲ್ಲ. ಕೈಯಲ್ಲಿ ಕಾಸಿಲ್ಲದ ಮೇದರ ಸಾಲ ಮಾಡಿ ಬಿದಿರು ತಂದು, ಬುಟ್ಟಿ ಮಾಡಿ, ಬಡ್ಡಿ ಕಟ್ಟಿ, ಉಳಿದದ್ದರಲ್ಲಿ ಉಣ್ಣಬೇಕು.

ಬುಟ್ಟಿ ಮಾಡಿಸುವ ಕ್ರಮ

ನಮ್ಮ ರಾಜಗೋಪಾಲನಗರದವರಿಗೆ ಆರ್ಡರ್ ಎಂಬ ಪದ ಹೊಸದಲ್ಲ. ನಾಲ್ಕು ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರು ನಮ್ಮ ಬೀದಿಬೀದಿಯಲ್ಲಿದ್ದಾರೆ. ಡ್ರಾಯಿಂಗ್ ಸರಿಯಿಲ್ಲದೆ ಮಾಲು ತಿರಸ್ಕಾರವಾದರೆ ಏನಾಗುತ್ತದೆ, ಬಿಲ್ಲು ತಿಂಗಳುಗಟ್ಟಲೆ ಪಾಸಾಗದಿದ್ದರೆ ಶನಿವಾರದ ಬಟವಾಡೆಗೆ ಎಷ್ಟು ಒದ್ದಾಟ ಅನ್ನೋದು ನಮಗೆ ಗೊತ್ತು. ಸಣ್ಣ ಉದ್ಯಮಗಳಿಗಾಗಿ 2006ರಲ್ಲಿ ಬಂದ ಕಾಯ್ದೆಯಲ್ಲಿ, ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು ಎಂದಿದೆ. ಮರದ ಕೆಳಗೆ ಕೂತು ಬುಟ್ಟಿ ಹೆಣೆಯುವವರೂ ಜಾಬ್ ವರ್ಕ್ ಮಾಡುವವರೇ. ವ್ಯತ್ಯಾಸ ಏನೆಂದರೆ ಅವರ ಬಳಿ ಬಿಲ್ ಬುಕ್ ಇಲ್ಲ, ವಕೀಲರಿಲ್ಲ. ನಮಗೆ ದೊಡ್ಡ ಕಂಪನಿ ಹೇಗೆ ನಡೆದುಕೊಳ್ಳಬೇಕು ಅಂತ ಆಸೆಪಡುತ್ತೇವೋ ಹಾಗೆ ನಾವು ಮೇದರೊಂದಿಗೆ ನಡೆದುಕೊಳ್ಳಬೇಕಲ್ಲವೆ? ಕಮಲಾದೇವಿಯವರ ಬದುಕು ನಮ್ಮ ಮುಂದೆ ಇಡುವ ಪ್ರಶ್ನೆ ಇದೇ.

ಆದ್ದರಿಂದ ಬುಟ್ಟಿ ಮಾಡಿಸುವವರಿಗೆ ಕೆಲವು ಮಾತು.

ಮೊದಲನೆಯದಾಗಿ, ಬುಟ್ಟಿಯಲ್ಲಿ ಏನು ಇಡುತ್ತೀರಿ ಅನ್ನುವುದನ್ನು ಹೇಳಿ. ಹತ್ತು ಕೆ.ಜಿ. ತರಕಾರಿ ಹೊರುವ ಬುಟ್ಟಿಯ ತಳ ಬೇರೆ, ಅರ್ಧ ಕೆ.ಜಿ. ಹಣ್ಣು ಇಡುವ ಬುಟ್ಟಿಯ ತಳ ಬೇರೆ. ಬಿದಿರಿನ ಹೊರಮೈಯ ಸೀಳು ಗಟ್ಟಿ, ಒಳಮೈಯದು ಮೆತ್ತಗೆ. ಭಾರ ಹೊರುವುದಕ್ಕೆ ಹೊರಮೈಯದೇ ಬೇಕು, ಅದಕ್ಕೆ ಬಿದಿರು ಹೆಚ್ಚು ಹಿಡಿಯುತ್ತದೆ, ಬೆಲೆಯೂ ಹೆಚ್ಚಾಗುತ್ತದೆ. ಬಾಯಗಲ, ಎತ್ತರ, ಹಿಡಿ ಬೇಕೋ ಬೇಡವೋ ಎಲ್ಲವನ್ನೂ ಅಳತೆಯಲ್ಲಿ ತಿಳಿಸಿ. ಅಳತೆಗೆ ಒಂದು ಡಬ್ಬವನ್ನೋ ತಟ್ಟೆಯನ್ನೋ ಕೊಟ್ಟರೆ ಇನ್ನೂ ಒಳ್ಳೆಯದು.

ಎರಡನೆಯದಾಗಿ, ಒಂದು ಮಾದರಿ ಬುಟ್ಟಿ ಮಾಡಿಸಿ, ಅದಕ್ಕೂ ದುಡ್ಡು ಕೊಡಿ. ಮಾದರಿ ಒಪ್ಪಿಗೆಯಾದ ಮೇಲೆ ನೂರೋ ಇನ್ನೂರೋ ಹೇಳಿ. ಇನ್ನೂರು ಬುಟ್ಟಿ ಮಾಡಿಸಿ ಆಮೇಲೆ ಇದು ಸರಿಯಿಲ್ಲ ಅಂದರೆ ಅದು ಅನ್ಯಾಯ.

ಮೂರನೆಯದಾಗಿ, ಮುಂಗಡ. ಕೊನೇಪಕ್ಷ ಬಿದಿರಿನ ಖರ್ಚನ್ನು ಮುಂಗಡವಾಗಿ ಕೊಟ್ಟರೆ ಬಡ್ಡಿಸಾಲ ತಪ್ಪುತ್ತದೆ. ಇಲ್ಲಾಂದ್ರೆ ನಾವು ಕೊಡುವ ಬೆಲೆಯ ಒಂದು ಪಾಲು ಸಾಲ ಕೊಟ್ಟವನಿಗೆ ಹೋಗುತ್ತದೆ.

ನಾಲ್ಕನೆಯದಾಗಿ, ಕಾಲಾವಕಾಶ. ಕಡಿದ ಹಸಿಬಿದಿರನ್ನು ತುಂಡರಿಸಿ, ಸೀಳಿ, ಎಳೆಯೆಳೆಯಾಗಿ ಹೆರೆದು, ನಯ ಮಾಡಿ, ಆಮೇಲೆ ತಳ ಹೂಡಿ ಹೆಣೆಯಬೇಕು. ಒಣಗಿದ್ದರೆ ನೀರಲ್ಲಿ ನೆನೆಹಾಕಬೇಕು. ಅರ್ಧಕ್ಕಿಂತ ಹೆಚ್ಚು ಕೆಲಸ ಹೆಣೆಯುವ ಮೊದಲೇ ನಡೆಯುತ್ತದೆ. ನೋಡುವವರಿಗೆ ಅದು ಕಾಣುವುದಿಲ್ಲ. ಸರಿಯಾಗಿ ಒಣಗದ ಬುಟ್ಟಿಗೆ ಬೂಸ್ಟು ಹಿಡಿಯುತ್ತದೆ, ಕುಟ್ಟೆಹುಳು ಬೀಳುತ್ತದೆ. ಗೌರಿಹಬ್ಬದ ಹಿಂದಿನ ವಾರ ಹೋಗಿ ಅವಸರ ಮಾಡಿದರೆ ಯಾರಿಗೂ ಒಳ್ಳೆಯದಾಗದು. ಹಬ್ಬವಿಲ್ಲದ ತಿಂಗಳಲ್ಲಿ ಆರ್ಡರ್ ಕೊಟ್ಟರೆ ಅವರಿಗೂ ಕೆಲಸವಿಲ್ಲದ ದಿನ ತುಂಬುತ್ತದೆ.

ಐದನೆಯದಾಗಿ, ಕೈಕೆಲಸದಲ್ಲಿ ಒಂದಕ್ಕೊಂದು ಕೂದಲೆಳೆಯ ವ್ಯತ್ಯಾಸ ಇರುತ್ತದೆ. ನಮ್ಮ ಮೆಷಿನ್ ಶಾಪಿನ ಮೈಕ್ರೋಮೀಟರ್ ಹಿಡಿದು ಬುಟ್ಟಿ ಅಳೆಯಬಾರದು. ಅಂಚು ಬಿಗಿಯಾಗಿದೆಯೆ, ಸಿಬಿರು ಕೈಗೆ ಚುಚ್ಚದೆ ಇದೆಯೆ, ತಳ ನೆಲಕ್ಕೆ ಸಮನಾಗಿ ಕೂರುತ್ತದೆಯೆ, ಈ ಮೂರು ನೋಡಿದರೆ ಸಾಕು.

ಕೊನೆಯದಾಗಿ, ಹೇಳಿದ ದಿನ ಹೋಗಿ ಮಾಲು ಎತ್ತಿ, ಅಲ್ಲೇ ಪೂರಾ ಹಣ ಕೊಡಿ. ಬುಟ್ಟಿ ಜಾಗ ಹಿಡಿಯುವ ಮಾಲು. ಒಂದು ಕೋಣೆಯ ಮನೆಯಲ್ಲಿ ಇನ್ನೂರು ಬುಟ್ಟಿ ಪೇರಿಸಿಟ್ಟರೆ ಆ ಮನೆಯ ಮಕ್ಕಳು ಎಲ್ಲಿ ಮಲಗಬೇಕು?

ಒಬ್ಬೊಬ್ಬರೇ ಹೋದರೆ ಒಂದು ಬುಟ್ಟಿಗೆ ಚೌಕಾಸಿ ಮಾಡಿ ಹತ್ತು ರೂಪಾಯಿ ಇಳಿಸಿ ಬರುತ್ತೇವೆ. ಅದರಲ್ಲಿ ನಮಗೂ ಹೆಚ್ಚು ಲಾಭವಿಲ್ಲ, ಅವರಿಗಂತೂ ನಷ್ಟ. ಒಂದು ಸಹಕಾರ ಸಂಘ ತನ್ನ ಸದಸ್ಯರಿಗಾಗಿ ಒಟ್ಟಿಗೆ ಮಾಡಿಸಿದರೆ ಇಡೀ ಕುಟುಂಬಕ್ಕೆ ತಿಂಗಳುಗಟ್ಟಲೆ ಕೆಲಸವಾಗುತ್ತದೆ, ಬೆಲೆಯೂ ಇಬ್ಬರಿಗೂ ಒಪ್ಪುವಂತೆ ನಿಲ್ಲುತ್ತದೆ, ಮುಂಗಡಕ್ಕೆ ಸಂಘದ ರಸೀದಿಯ ಆಧಾರವಿರುತ್ತದೆ. ಫರೀದಾಬಾದಿನಲ್ಲಿ, ದೆಹಲಿಯ ಮಳಿಗೆಯಲ್ಲಿ ಕಮಲಾದೇವಿಯವರು ದೊಡ್ಡದಾಗಿ ಮಾಡಿದ್ದು ಇದನ್ನೇ. ನಮ್ಮ ಅಳತೆಗೆ ನಾವು ಚಿಕ್ಕದಾಗಿ ಮಾಡಬಹುದು. ವಾರ್ಷಿಕ ಸಭೆಯಲ್ಲಿ ಸದಸ್ಯರಿಗೆ ನೆನಪಿನ ಕಾಣಿಕೆ ಕೊಡುವ ಪ್ರಸ್ತಾಪ ಬಂದಾಗ ಸ್ಟೀಲ್ ಡಬ್ಬವೋ ಗೋಡೆ ಗಡಿಯಾರವೋ ಎಂದು ಚರ್ಚೆ ಮಾಡುವ ಬದಲು, ಒಂದು ವರ್ಷವಾದರೂ ಬಿದಿರು ಬುಟ್ಟಿ ಮಾಡಿಸಿ ನೋಡಬಾರದೇಕೆ ಎಂದು ವಿನಂತಿಸಿಕೊಳ್ಳುತ್ತೇವೆ.

ಕೊನೆಯ ದಿನಗಳು

ಕಮಲಾದೇವಿಯವರಿಗೆ 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂದವು. ರಂಗಭೂಮಿ, ಸಂಗೀತ, ನೃತ್ಯಗಳಿಗೂ ಅವರು ಮಾಡಿದ ಸೇವೆ ಅಪಾರ. ಹಲವು ಪುಸ್ತಕಗಳನ್ನು ಬರೆದರು. ಕೊನೆಯವರೆಗೂ ಕೈಮಗ್ಗದ ಸೀರೆ, ಕಸುಬುದಾರರು ಮಾಡಿದ ದೊಡ್ಡ ಒಡವೆ, ತಲೆಯಲ್ಲಿ ಹೂವು. ತಾನು ಮೆಚ್ಚಿದ ಕಸುಬನ್ನು ತಾನೇ ತೊಟ್ಟು ತೋರಿಸಿದವರು ಅವರು. 1988ರ ಅಕ್ಟೋಬರ್ 29ರಂದು ಬೊಂಬಾಯಿಯಲ್ಲಿ, 85ನೇ ವಯಸ್ಸಿನಲ್ಲಿ ನಿಧನರಾದರು.

ಅವರು ಮುನ್ನಡೆಸಿದ ಅಖಿಲ ಭಾರತ ಕರಕುಶಲ ಮಂಡಳಿಯನ್ನು 2020ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ರದ್ದು ಮಾಡಿತು. ಕರಕುಶಲದ ಇಲಾಖೆ, ಯೋಜನೆಗಳು ಈಗಲೂ ಇವೆ. ಆ ಮಂಡಳಿ ಮಾತ್ರ ಇಲ್ಲ. ಮಂಡಳಿಗಳು ಬರುತ್ತವೆ, ಹೋಗುತ್ತವೆ. ಕಸುಬುದಾರರ ಮನೆ ಬಾಗಿಲಿಗೆ ಹೋಗಿ ಕೆಲಸ ಹೇಳುವ ಗಿರಾಕಿ ಇರುವ ತನಕ ಕಸುಬು ಉಳಿಯುತ್ತದೆ. ಆ ಗಿರಾಕಿ ಸರ್ಕಾರವೇ ಆಗಬೇಕೆಂದೇನೂ ಇಲ್ಲ, ನಾವೂ ಆಗಬಹುದು.

ಮಂಗಳೂರಿನಲ್ಲಿ ಹುಟ್ಟಿ ಇಡೀ ದೇಶಕ್ಕೆ ಬೇಕಾದವರಾಗಿ ಬಾಳಿದ ಈ ಮಹನೀಯೆಯ ನೆನಪು ನಮ್ಮ ಸಂಘದ ಸದಸ್ಯರಲ್ಲಿ ಹಸಿರಾಗಿರಲಿ. ಬರುವ ಗೌರಿಹಬ್ಬಕ್ಕೆ ಎರಡು ತಿಂಗಳು ಮುಂಚೆಯೇ ನಮ್ಮಲ್ಲಿ ನಾಲ್ಕು ಮನೆಯವರಾದರೂ ಒಟ್ಟುಗೂಡಿ, ಹತ್ತಿರದ ಮೇದರ ಮನೆಗೆ ಹೋಗಿ, ಮುಂಗಡ ಕೊಟ್ಟು ಮೊರ ಬುಟ್ಟಿ ಹೇಳಿ ಬರಲಿ ಎಂದು ಹಾರೈಸುತ್ತೇವೆ.